ಮೆಕ್ಕೆಜೋಳದ ಗ್ಲಾಸು ಗುಂಡಿಯಲ್ಲಿ ಕರಗ್ತದಾ?

ಶೈಲಕ್ಕ, ಮುಲುಂಡಿನ ಪೂಜೆಗೆ ಮೆಕ್ಕೆಜೋಳದ ಗ್ಲಾಸು, ಚಮಚ, ಚೀಲ ತರಬಹುದಾ, ಆಮೇಲೆ ಸೊಸೈಟಿಯ ಗೊಬ್ಬರದ ಗುಂಡಿಗೆ ಹಾಕಿದ್ರೆ ಕರಗ್ತದಾ ಅಂತ ಕೇಳಿದ್ರಲ್ಲ. ಉತ್ತರ ಸ್ವಲ್ಪ ಉದ್ದ ಇದೆ, ಪೂರ್ತಿ ಕೇಳಿ.

ಆ ಪಾರದರ್ಶಕ ಗ್ಲಾಸು ಪಿಎಲ್‌ಎ, ಅಂದ್ರೆ ಪಾಲಿಲ್ಯಾಕ್ಟಿಕ್ ಆಮ್ಲ ಅನ್ನೋ ಪ್ಲಾಸ್ಟಿಕ್. ಜೋಳದ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿ, ಬರುವ ಲ್ಯಾಕ್ಟಿಕ್ ಆಮ್ಲದಿಂದ ಮಾಡೋದು. ಪಾನಕ, ಮಜ್ಜಿಗೆಗೆ ಅಡ್ಡಿಯಿಲ್ಲ. ಆದ್ರೆ 55–60 ಡಿಗ್ರಿಗೇ ಮೆತ್ತಗಾಗ್ತದೆ, ಚಹಾ ಹೊಯ್ದ್ರೆ ಬಾಯಿ ಸೊಟ್ಟಗಾಗಿ ಕೈಯಲ್ಲೇ ಕುಸೀತದೆ. ಬಿಸಿ ಪಾಯಸಕ್ಕೂ ಬೇಡ. ಅದಕ್ಕೆಲ್ಲ ಸ್ಟೀಲ್ ಲೋಟವೇ ಸರಿ.

ಚಮಚದ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. 'ಕಾರ್ನ್ ಸ್ಟಾರ್ಚ್' ಅಂತ ಮಾರುವ ಎಷ್ಟೋ ಚಮಚಗಳು ಪಿಷ್ಟ ಬೆರೆಸಿದ ಪಾಲಿಪ್ರೊಪಿಲೀನ್ ಅನ್ನೋ ಮಾಮೂಲಿ ಪ್ಲಾಸ್ಟಿಕ್. ಪಿಷ್ಟ ಕೊಳೆತು ಹೋಗ್ತದೆ, ಪ್ಲಾಸ್ಟಿಕ್ ಚೂರಾಗಿ ಮಣ್ಣಲ್ಲೇ ಉಳೀತದೆ. ಮರದ ಚಮಚ ತನ್ನಿ.

ಚೀಲದ ಮೇಲೆ 'ಕಂಪೋಸ್ಟೇಬಲ್' ಅಂತ, ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ನಂಬರ್ ಇರ್ಬೇಕು. ಬರೀ 'ಇಕೋ ಫ್ರೆಂಡ್ಲಿ' ಅಂತ ಇದ್ರೆ ಬಿಟ್ಬಿಡಿ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ಉಗುರಿನಷ್ಟು ತುಂಡು ಕತ್ತರಿಸಿ, ಒಂದು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ಅದ್ದಿ, ಅಂಟಿದ ಗುಳ್ಳೆಗಳನ್ನು ಬೆರಳಿಂದ ಉಜ್ಜಿ ತೆಗೀರಿ. ತೇಲಿದ್ರೆ ಅದು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್‌ನಂಥ ಮಾಮೂಲಿ ಪ್ಲಾಸ್ಟಿಕ್ ಅಂತ ತಿಳೀರಿ. ಮುಳುಗಿದ್ರೆ ಅಸಲಿ ಅಂತ ಮಾತ್ರ ತಿಳೀಬೇಡಿ, ಸುಣ್ಣದಕಲ್ಲಿನ ಪುಡಿ ಬೆರೆಸಿದ ಪಾಲಿಥೀನ್ ಕೂಡ ಮುಳುಗ್ತದೆ.

ಇನ್ನು ಗುಂಡಿ. ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಇರುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 17088ರ ಪ್ರಕಾರ 180 ದಿನದೊಳಗೆ ಶೇಕಡಾ 90ರಷ್ಟು ಜೀರ್ಣ ಆಗ್ಬೇಕು, ಸರಿ. ಆದ್ರೆ ಆ ಪರೀಕ್ಷೆ ನಡೆಯೋದು ಸುಮಾರು 58 ಡಿಗ್ರಿಯಲ್ಲಿ. ದೊಡ್ಡ ಗೊಬ್ಬರ ಕಾರ್ಖಾನೆಯ ರಾಶಿ ವಾರಗಟ್ಟಲೆ ಆ ಬಿಸಿ ಹಿಡಿದಿಡ್ತದೆ. ನಿಮ್ಮ ಸೊಸೈಟಿಯ ಗುಂಡಿಯಂಥ ಸಣ್ಣ ರಾಶಿ ಕೆಲವೇ ದಿನದಲ್ಲಿ ಆರಿಬಿಡ್ತದೆ. ಪಿಎಲ್‌ಎ ಗ್ಲಾಸು ಅಸಲಿಯೇ ಆಗಿದ್ರೂ ಗೊಬ್ಬರ ಸೋಸುವಾಗ ಹಾಗೇ ಹೊರಬರ್ತದೆ. ಸಮುದ್ರಕ್ಕೆ ಹೋದ್ರಂತೂ ವರ್ಷಗಟ್ಟಲೆ ಇರ್ತದೆ. ಭಂಗಾರ್‌ವಾಲಾನಿಗೆ (ಗುಜರಿಯವನಿಗೆ) ಕೊಡುವ ನೀರಿನ ಬಾಟಲಿ ಜೊತೆಗೂ ಸೇರಿಸ್ಬೇಡಿ, ಆ ಮಾಲೇ ಕೆಡ್ತದೆ.

ಊಟಕ್ಕೆ ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆ, ಇಲ್ಲಾಂದ್ರೆ ಕಬ್ಬಿನ ಸಿಪ್ಪೆಯ ತಟ್ಟೆ. ಕಬ್ಬಿನದಾದ್ರೆ ಒಳಮೈಯನ್ನು ಉಗುರಲ್ಲಿ ಕೆರೆದು ನೋಡಿ, ತೆಳು ಪ್ಲಾಸ್ಟಿಕ್ ಪೊರೆ ಎದ್ದು ಬಂದ್ರೆ ಗುಂಡಿಗೆ ಬೇಡ. ಊಟ ಆದ್ಮೇಲೆ ತಟ್ಟೆಗಳನ್ನು ಅಂಗೈಗಿಂತ ಸಣ್ಣಕೆ ಹರಿದು, ನೆನೆಸಿ, ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ತುಂಡಿನಂತೆ ಪದರ ಹಾಕಿ. ಇಡೀ ತಟ್ಟೆಗಳನ್ನು ಒಟ್ಟಿದ್ರೆ ನಡುವೆ ಗಾಳಿಯಾಡದೆ ನಾರ್ತದೆ. ವಾರಕ್ಕೊಮ್ಮೆ ಮಗುಚಿ. ಹಿಡಿ ಹಿಂಡಿದಾಗ ಕೈ ಒದ್ದೆ ಆಗ್ಬೇಕು, ನೀರು ಸುರೀಬಾರ್ದು.

ಖರೀದಿ ಮಾಡೋ ಮುಂಚೆ ಪ್ಯಾಕೆಟ್ಟಿನ ಎರಡೂ ಬದಿಯ ಫೋಟೊ ಇಲ್ಲಿ ಹಾಕಿ ಅಕ್ಕ, ನಂಬರ್ ನೋಡಿ ಹೇಳ್ತೇನೆ.