ಹೊರಗಿನ ಹಾರ್ಡ್ ಡಿಸ್ಕ್ ನಿಧಾನ: ಟರ್ಮಿನಲ್‌ನಲ್ಲಿ ಪರೀಕ್ಷಿಸುವುದು ಹೇಗೆ?

ಪ್ರಶ್ನೆ (ಬದಿಯಡ್ಕದಿಂದ): ತಾಳಮದ್ದಳೆಯ ಹಳೆಯ ಧ್ವನಿಮುದ್ರಣಗಳನ್ನು ಲಿನಕ್ಸ್ ಗಣಕದಿಂದ ಯುಎಸ್‌ಬಿ 3ರ ಹಾರ್ಡ್ ಡಿಸ್ಕಿಗೆ ನಕಲಿಸುವಾಗ ವೇಗವು ಸೆಕೆಂಡಿಗೆ 35 ಎಂಬಿ ದಾಟುತ್ತಿಲ್ಲ. ತೊಡಕು ಎಲ್ಲಿದೆಯೆಂದು ಟರ್ಮಿನಲ್‌ನಲ್ಲೇ (ಆದೇಶಗಳನ್ನು ಟೈಪಿಸುವ ಕಿಟಕಿಯಲ್ಲೇ) ತಿಳಿಯಬಹುದೇ?

ಉತ್ತರ (ಮಂಜೇಶ್ವರದಿಂದ): ‘ಎಲ್‌ಎಸ್‌ಯುಎಸ್‌ಬಿ -ಟಿ’ (lsusb -t) ಎಂದು ಕೊಟ್ಟು ಡಿಸ್ಕಿನ ಸಾಲಿನ ಕೊನೆಯ ಅಂಕಿಯನ್ನು ನೋಡಿ, 5000ಎಂ ಇರಬೇಕಾದಲ್ಲಿ 480ಎಂ ಇದ್ದರೆ, ಸಂಪರ್ಕವು ಯುಎಸ್‌ಬಿ 2ರ ಮಟ್ಟಕ್ಕೆ ಇಳಿದಿದೆಯೆಂದೇ ಅರ್ಥ. ಇವು ಸೆಕೆಂಡಿಗೆ ಮೆಗಾಬಿಟ್‌ಗಳು, ಎಂಬಿ ಎಂದರೆ ಮೆಗಾಬೈಟ್; ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 480ನ್ನು ಎಂಟರಿಂದ ಭಾಗಿಸಿದರೆ 60 ಎಂಬಿ, ಅದರಲ್ಲೂ ಕೈಗೆ ಸಿಗುವುದು ನಲವತ್ತರ ಆಸುಪಾಸು.

ಉತ್ತರ (ಕುಂಬಳೆಯಿಂದ): ದತ್ತಾಂಶದ ಹರಿವನ್ನೇ ಕಾಣಬೇಕಿದ್ದರೆ, ರೂಟ್ ಅಧಿಕಾರದಲ್ಲಿ (ಗಣಕದ ಪೂರ್ಣ ಅಧಿಕಾರದಲ್ಲಿ) ‘ಮಾಡ್‌ಪ್ರೋಬ್ ಯುಎಸ್‌ಬಿಮಾನ್’ (modprobe usbmon) ಕೊಟ್ಟು ಬಳಿಕ ‘ಯುಎಸ್‌ಬಿಟಾಪ್’ (usbtop) ನಡೆಸಿ, ಪ್ರತಿ ಬಸ್ಸಿನ (ರಸ್ತೆಯದ್ದಲ್ಲ, ಗಣಕದ ಯುಎಸ್‌ಬಿ ಸಂಪರ್ಕ ಮಾರ್ಗದ್ದು!) ಸಾಧನಗಳ ಲೆಕ್ಕ ಬೇರೆ ಬೇರೆಯಾಗಿ ಸಿಗುತ್ತದೆ.

ಬದಿಯಡ್ಕದಿಂದ: 480ಎಂ ಎಂದೇ ಇತ್ತು. ನಾನು ಸಿಕ್ಕಿಸಿದ್ದು ಮೊಬೈಲ್ ಚಾರ್ಜರಿನ ಕೇಬಲ್. ಡಿಸ್ಕಿನದ್ದೇ ಕೇಬಲ್ ಹಾಕಿದ ಮೇಲೆ ವೇಗ ನೂರು ದಾಟಿದೆ.