ಒಂದೇ ಮದ್ದು ಬಿಟ್ಟದ್ದು, ಗಡಿ ದಾಟಿದರೆ ಪರಿಹಾರ ಬೇರೆ ಯಾಕೆ?

ಕೊಕ್ಕಡ ಕಡೆಯವ:

ನಮ್ಮದು ಬೆಳ್ತಂಗಡಿ ತಾಲೂಕು. ದೊಡ್ಡಮ್ಮನ ಮಗ ನನಗಿಂತ ಎರಡು ವರ್ಷಕ್ಕೆ ದೊಡ್ಡವ. ಮಾತು ಬರುವುದಿಲ್ಲ, ಫಿಟ್ಸ್ ಬರುತ್ತದೆ. ನಡೆಯುತ್ತಾನೆ, ಆದರೆ ಒಬ್ಬನನ್ನೇ ಬಿಡುವ ಹಾಗಿಲ್ಲ, ಒಲೆ ಯಾವುದು ಬಾವಿ ಯಾವುದು ಎಂದು ಅವನಿಗೆ ತಿಳಿಯುವುದಿಲ್ಲ. ದೊಡ್ಡಮ್ಮನಿಗೆ ಈಗ ಅರುವತ್ತೆಂಟು. ಬಟ್ಟೆ ಒಗೆಯಲು ಹೋಗುವಾಗ ಹಳೇ ಸೀರೆಯ ಒಂದು ತುದಿಯನ್ನು ಅವನ ಸೊಂಟಕ್ಕೆ, ಇನ್ನೊಂದು ತುದಿಯನ್ನು ಜಗಲಿಯ ಕಂಬಕ್ಕೆ ಕಟ್ಟಿ ಹೋಗುತ್ತಾರೆ. ನೋಡಿದವರು ಬೈಯುತ್ತಾರೆ. ಅವರಾದರೂ ಏನು ಮಾಡಬೇಕು?

ನಾವು ಸಣ್ಣವರಿದ್ದಾಗ ಗೇರು ಹೂ ಬಿಡುವ ಹೊತ್ತಿಗೆ ಗುಡ್ಡೆಯ ಮೇಲೆ ಹೆಲಿಕಾಪ್ಟರ್ ಬರುತ್ತಿತ್ತು. ಮದ್ದು ಬಿಡುವುದು ಎಂದಷ್ಟೇ ಗೊತ್ತು. ಮಕ್ಕಳೆಲ್ಲ ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು, ಮೈಮೇಲೆ ಸಣ್ಣ ಸಣ್ಣ ಹನಿ ಬೀಳುತ್ತಿತ್ತು. ಅದು ಎಂಡೋಸಲ್ಫಾನ್ ಎಂಬ ಕೀಟನಾಶಕ ಎಂದು ಕೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ಈಗ ನನ್ನ ಪ್ರಶ್ನೆ. ಇಲ್ಲಿ ಆ ಮದ್ದಿನಿಂದ ತೊಂದರೆಯಾದವರಿಗೆ ಮಾಸಾಶನ, ಅಂಗವೈಕಲ್ಯ ಶೇ. 60ಕ್ಕಿಂತ ಜಾಸ್ತಿ ಇದ್ದರೆ 3,000, ಅದಕ್ಕಿಂತ ಕಮ್ಮಿ ಇದ್ದರೆ 1,500 ಎಂದು ಮಾಡಿದರು. ಅಣ್ಣನಿಗೆ ಬರೆದುಕೊಟ್ಟದ್ದು 58. ಜೀಪು ಬಾಡಿಗೆ ಮಾಡಿ ಕರೆದುಕೊಂಡು ಹೋಗಿ, ಅರ್ಧ ದಿನ ಕಾದು, ಐದು ನಿಮಿಷ ನೋಡಿ ಬರೆದ ನಂಬರ್ ಅದು. ಗಡಿಯಾಚೆ ಕೇರಳದ ಕಾಸರಗೋಡು ಕಡೆ ಅಂಥವರಿಗೆ 5 ಲಕ್ಷ ಕೊಡಬೇಕು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ಅಲ್ಲಿಯೂ ಗೇರು, ಇಲ್ಲಿಯೂ ಗೇರು. ಅಲ್ಲಿಯೂ ಅದೇ ಮದ್ದು, ಹೆಲಿಕಾಪ್ಟರಿನಲ್ಲೇ ಬಿಟ್ಟದ್ದು. ಹಾಗಿರುವಾಗ ಇದು ಯಾವ ನ್ಯಾಯ? ತಿಳಿದವರು ದಯವಿಟ್ಟು ಹೇಳಿ.

ಪೆರ್ಲದವಳು:

ಅಣ್ಣಾ, ನಮ್ಮ ಕಾಸರಗೋಡು ಕಡೆ ದುಡ್ಡು ಸುಲಭದಲ್ಲಿ ಬಂತು ಎಂದು ತಿಳಿಯಬೇಡಿ. ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ, ಮೂರು ತಿಂಗಳ ಒಳಗೆ ಕೊಡಿ ಎಂದು. 2022ರಲ್ಲಿ ಮತ್ತೆ ಅದೇ ಕೋರ್ಟಿನ ಮುಂದೆ ಲೆಕ್ಕ ಬಂದಾಗ 3,704 ಜನರಲ್ಲಿ ಕೊಟ್ಟದ್ದು ಎಂಟು ಮಂದಿಗೆ. ಎಂಟೇ! ಅದೂ ಕೋರ್ಟಿಗೆ ಹೋದವರಿಗೆ. ಕೋರ್ಟ್ ಗದರಿದ ಮೇಲೆಯೇ ಉಳಿದವರಿಗೆ ದುಡ್ಡು ಬರಲು ಶುರುವಾದದ್ದು. ಪಟ್ಟಿಯಲ್ಲಿ ಹೆಸರು ಸೇರಿಸಲು ಅಮ್ಮಂದಿರು ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರದವರೆಗೆ ಹೋಗಿ ರಸ್ತೆಯಲ್ಲಿ ಕುಳಿತಿದ್ದಾರೆ.

ನಮ್ಮ ಎಣ್ಮಕಜೆ, ಪಡ್ರೆ ಕಡೆ ನೋಡಿದ್ದೀರಾ? ಮೇಲೆ ಗುಡ್ಡೆಯಲ್ಲಿ ಸರ್ಕಾರಿ ಗೇರುತೋಟ, ಕೆಳಗೆ ತಗ್ಗಿನಲ್ಲಿ ಮನೆಗಳು. ಕುಡಿಯುವ ನೀರು ಗುಡ್ಡೆಯ ಹೊಟ್ಟೆಗೆ ಕೊರೆದ ಸುರಂಗದಿಂದ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿದು ಅಂಗಳಕ್ಕೆ ಬರುವುದು. ಮದ್ದು ಬಿಡುವ ದಿನ ಬಾವಿಗೆ ಮಡಲು ಮುಚ್ಚಿ ಎಂದು ಹೇಳಿ ಹೋಗುತ್ತಿದ್ದರಂತೆ. ಬಾವಿಗೇನೋ ಮುಚ್ಚಬಹುದು, ಗುಡ್ಡೆಗೆ ಏನು ಮುಚ್ಚುವುದು? ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೀಗೇ ನಡೆಯಿತು. ಕೈಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿವೆ ಎಂದು ನಮ್ಮೂರಿನ ಪತ್ರಕರ್ತ ಶ್ರೀ ಪಡ್ರೆಯವರು ಬಹಳ ಮೊದಲೇ ಬರೆದಿದ್ದರು. ಆಮೇಲೆ ಡಾ. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಇಷ್ಟೊಂದು ಒಂದೇ ತರಹದ ಕಾಯಿಲೆ ಯಾಕೆ ಎಂದು ಕೇಳತೊಡಗಿದರು. ಕೇಳಿಸಿಕೊಳ್ಳಬೇಕಾದವರು ಕೇಳಿಸಿಕೊಳ್ಳಲಿಲ್ಲ, ಅಷ್ಟೆ.

ತೋಟದವ:

ನೋವಾಗುತ್ತದೆ ಓದಿ. ಆದರೂ ಒಂದು ಮಾತು ಹೇಳಲೇಬೇಕು. ಟೀ ಸೊಳ್ಳೆ ಎಂಬ ಕೀಟ ಬಂದರೆ ಗೇರಿನ ಚಿಗುರು, ಹೂ ಎಲ್ಲ ಕರಟಿ ಹೋಗುತ್ತದೆ, ಆಗ ಇದ್ದ ಅಗ್ಗದ ಮದ್ದು ಅದೇ. ಊರಿನಲ್ಲಿ ಹುಟ್ಟಿದ ಪ್ರತಿ ಮಗುವಿನ ತೊಂದರೆಗೂ ಅದೇ ಕಾರಣ ಎಂದು ಹೇಗೆ ಹೇಳುವುದು? ಸಂಬಂಧ ಇಲ್ಲ ಎಂದು ವರದಿ ಕೊಟ್ಟ ಸಮಿತಿಗಳೂ ಇವೆಯಲ್ಲ. ಪುರಾವೆ ಬೇಡವಾ?

ಮಂಗಳೂರಿನ ವಕೀಲ:

ಪುರಾವೆ ಬೇಕು ಸರ್, ಯಾರು ಕೊಡಬೇಕು ಎನ್ನುವುದೇ ಇಲ್ಲಿ ಮುಖ್ಯ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಮಕ್ಕಳನ್ನು ಬೇರೆ ಊರಿನ ಮಕ್ಕಳ ಜೊತೆ ಹೋಲಿಸಿ ನೋಡಿದ್ದಾರೆ. ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ ಇತ್ತು, ಗಂಡು ಮಕ್ಕಳು ಪ್ರಾಯಕ್ಕೆ ಬರುವುದು ತಡವಾಗಿತ್ತು. ಇದು ಇಡೀ ಊರಿನ ಮಾತು. ಇಂಥ ಮಗುವಿಗೆ ಇದೇ ಕಾರಣ ಎಂದು ತೋರಿಸು ಎಂದರೆ ಕೂಲಿ ಮಾಡುವ ತಾಯಿ ಎಲ್ಲಿಂದ ತೋರಿಸಬೇಕು? ಮದ್ದು ಬಿಡುವಾಗ ಯಾರೂ ಅವಳ ರಕ್ತ ಪರೀಕ್ಷೆ ಮಾಡಿ ಇಟ್ಟಿರಲಿಲ್ಲ.

1985ರಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ ಅನಿಲ ಸೋರಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಅಪಾಯದ ಕೆಲಸಕ್ಕೆ ಕೈ ಹಾಕಿದವನು ಹಾನಿಗೆ ಪೂರ್ತಿ ಹೊಣೆ, ಎಚ್ಚರಿಕೆಯಿಂದ ಇದ್ದೆ ಎಂಬ ಮಾತು ನಡೆಯುವುದಿಲ್ಲ. ಅದರ ಹಿಂದಿನ ವರ್ಷವಷ್ಟೇ ಭೋಪಾಲದ ಅನಿಲ ದುರಂತ ನಡೆದಿತ್ತು. ಆದರೆ ಭೋಪಾಲದ್ದು 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು, ಅಲ್ಲಿನ ಜನರನ್ನು ಕೇಳಲೇ ಇಲ್ಲ. ಒಳ್ಳೆಯ ತತ್ವ ಪುಸ್ತಕದಲ್ಲಿ ಉಳಿದರೆ ಹೀಗಾಗುತ್ತದೆ.

ಕೊಕ್ಕಡದವರೇ, ಗಡಿಯ ವಿಷಯ. 5 ಲಕ್ಷದ ಆದೇಶ ಕೇರಳ ಸರ್ಕಾರಕ್ಕೆ. ಇಲ್ಲಿಯದು ನಮ್ಮ ಹೈಕೋರ್ಟಿನಲ್ಲಿ ಬೇರೆಯಾಗಿ ನಡೆದಿದೆ. ಕಾಗದದಲ್ಲಿ ಕಾರಣ ಅಷ್ಟೇ, ನ್ಯಾಯ ಎಂದು ನಾನೂ ಒಪ್ಪುವುದಿಲ್ಲ. ನೀವು ಈಗ ಮಾಡಬಹುದಾದದ್ದು ಎರಡು. ಆ 58ನ್ನು ಸುಮ್ನೆ ಒಪ್ಪಬೇಡಿ, ಅಂಗವಿಕಲರ 2016ರ ಕಾಯ್ದೆಯಲ್ಲಿ ಸರ್ಟಿಫಿಕೇಟಿನ ಮೇಲೆ ಮೇಲ್ಮನವಿ ಹಾಕಲು ಅವಕಾಶ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಂಗವಿಕಲರಿಗೆ ವಕೀಲರು ಫ್ರೀ. ಇನ್ನೊಂದು, ದೊಡ್ಡಮ್ಮ ಗಟ್ಟಿ ಇರುವಾಗಲೇ ಕಾನೂನಿನ ಪ್ರಕಾರ ಪೋಷಕರು ಯಾರು ಎಂದು ನಿಶ್ಚಯ ಮಾಡಿಸಿ. ಬುದ್ಧಿಮಾಂದ್ಯತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ, ಜಿಲ್ಲಾಧಿಕಾರಿಗಳು ಇರುವ ಸಮಿತಿ ಅದನ್ನು ಮಾಡಿಕೊಡುತ್ತದೆ.

ತೋಟದವ:

ಯಾರು ಕೊಡಬೇಕು ಎಂದು ನಾನು ಯೋಚಿಸಿರಲಿಲ್ಲ. ಸರಿ ಎನಿಸುತ್ತದೆ.

ಪೆರ್ಲದವಳು:

ಅಣ್ಣಾ, ಹೋಗುವಾಗ ದೊಡ್ಡಮ್ಮನ ಹಳೇ ರೇಷನ್ ಕಾರ್ಡ್, ನಿಮ್ಮ ಶಾಲೆಯ ದಾಖಲೆ ಎಲ್ಲ ತೆಗೆದುಕೊಂಡು ಹೋಗಿ. ಮದ್ದು ಬಿಡುವ ಕಾಲದಲ್ಲಿ ನೀವು ಅಲ್ಲೇ ಇದ್ದಿರಿ ಎಂದು ತೋರಿಸಬೇಕಾಗಬಹುದು. ನಮ್ಮಲ್ಲಿ ಎಷ್ಟೋ ಮಂದಿ ಅದಕ್ಕೇ ಅಲೆದಾಡಿದ್ದಾರೆ.

ಕೊಕ್ಕಡ ಕಡೆಯವ:

ಎಲ್ಲರಿಗೂ ಉಪಕಾರ. ಪೋಷಕರ ವಿಷಯ ನಮಗೆ ಯಾರೂ ಹೇಳಿರಲೇ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ ದೊಡ್ಡಮ್ಮನಿಗೆ ಹೇಳಿದೆ, ನನ್ನ ಹೆಸರೇ ಹಾಕುವ ಎಂದು. ಅವರು ಏನೂ ಹೇಳಲಿಲ್ಲ, ಅಣ್ಣನಿಗೆ ಗಂಜಿ ತಿನ್ನಿಸಿ ಆದ ಮೇಲೆ ಒಳಗೆ ಹೋಗಿ ಪೆಟ್ಟಿಗೆಯಿಂದ ಅವನ ಕಾಗದಗಳ ಕಟ್ಟು ತಂದು ನನ್ನ ಮುಂದೆ ಇಟ್ಟರು. ರೇಷನ್ ಕಾರ್ಡ್ 1990ರ ಮೊದಲಿನದ್ದು, ಅದರಲ್ಲಿಯೇ ಇದೆ. ಸೋಮವಾರ ಮಂಗಳೂರಿಗೆ ಹೋಗುತ್ತೇನೆ.