28 ಎಂಎಂ ಫಿಗರ್‌ಗಳಿಗೆ ಡಾಂಬರು ರಸ್ತೆ, ಫುಟ್‌ಪಾತ್ ಇರುವ ಬೇಸ್: ಯಾವುದರಿಂದ, ಎಷ್ಟು ದಪ್ಪ?

ಹೊಸಕುಂಚ:
ಈಗಿನ ಕಾಲದ ನಗರದ ಆರು ಫಿಗರ್‌ಗಳಿಗೆ (ಆಟದ ಪುಟ್ಟ ಗೊಂಬೆಗಳು) ಬೇಸ್, ಅಂದರೆ ಅವು ನಿಲ್ಲುವ ಪೀಠ, ಮಾಡಬೇಕು. ಇಬ್ಬರು ಪೊಲೀಸರು, ಉಳಿದವರು ಸಾಮಾನ್ಯ ಜನ. ಎಲ್ಲವೂ ಲೋಹದವು. ಪಾದದ ಕೆಳಗೆ ಸುಮಾರು ಒಂದೂವರೆ ಎಂಎಂ ದಪ್ಪದ ತಟ್ಟೆ ಎರಕದಲ್ಲೇ ಸೇರಿಕೊಂಡು ಬಂದಿದೆ. ಬೇಸ್‌ಗಳು 30 ಎಂಎಂ ಅಗಲದ ದುಂಡು ಪ್ಲಾಸ್ಟಿಕ್. ಕೆಲವಕ್ಕೆ ಬರೀ ರಸ್ತೆ, ಕೆಲವಕ್ಕೆ ಅರ್ಧ ರಸ್ತೆ ಅರ್ಧ ಫುಟ್‌ಪಾತ್, ಒಂದೆರಡರಲ್ಲಿ ಮಳೆನೀರು ನಿಂತ ಗುಂಡಿ ಅಂತ ಯೋಚನೆ. ಆಟದಲ್ಲಿ ಕೈಯಿಂದ ಕೈಗೆ ಹೋಗುವ ಫಿಗರ್‌ಗಳು, ಹಾಗಾಗಿ ಗಟ್ಟಿಯಾಗಿರಬೇಕು. ಡಾಂಬರಿಗೆ ಉಪ್ಪುಕಾಗದ ಸಾಕೇ? ಫುಟ್‌ಪಾತ್ ಎಷ್ಟು ಎತ್ತರ ಇರಬೇಕು? ಪಾದದ ತಟ್ಟೆಯನ್ನು ಏನು ಮಾಡುವುದು?

ಅಳತೆಪಟ್ಟಿ:
ಮೊದಲು ಲೆಕ್ಕ. 28 ಎಂಎಂ ಫಿಗರ್‌ಗೆ ಸಾಮಾನ್ಯವಾಗಿ ಹಿಡಿಯುವ ಪ್ರಮಾಣ 1:56. ನಿಜವಾದ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು 56ರಿಂದ ಭಾಗಿಸಿ. 150 ಎಂಎಂ ಎತ್ತರದ ಅಂಚುಗಲ್ಲು 2.7 ಎಂಎಂ ಆಗುತ್ತದೆ. 300 ಎಂಎಂ ಚಪ್ಪಡಿ 5.4, 600 ಎಂಎಂ ಮ್ಯಾನ್‌ಹೋಲ್ ಮುಚ್ಚಳ 10.7, 100 ಎಂಎಂ ಅಗಲದ ಬಿಳಿ ಪಟ್ಟೆ 1.8. ನಗರದ ಬೇಸ್‌ನಲ್ಲಿ ಇದು ಬಹಳ ಮುಖ್ಯ. ಕಾಡಿನ ಬೇಸ್‌ನಲ್ಲಿ ಕಲ್ಲು ಎಷ್ಟು ದೊಡ್ಡದಿದ್ದರೂ ಅದು ಕಲ್ಲೇ, ಆದರೆ ಮ್ಯಾನ್‌ಹೋಲ್ ಮುಚ್ಚಳದ ಗಾತ್ರ ಎಲ್ಲರ ಕಣ್ಣಿಗೂ ಗೊತ್ತು. 15 ಎಂಎಂ ಮಾಡಿಬಿಟ್ಟರೆ ಪಕ್ಕದಲ್ಲಿ ನಿಂತ ಪೊಲೀಸ್ ಚಿಕ್ಕ ಹುಡುಗನ ಹಾಗೆ ಕಾಣುತ್ತಾನೆ.

ಉಪ್ಪುಕಾಗದಕ್ಕೂ ಇದೇ ಲೆಕ್ಕ. ಪಿ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಕಾಳು ಸಣ್ಣದು; ಪಿ120ರ ಕಾಳು ಸರಾಸರಿ 0.125 ಎಂಎಂ. 56ರಿಂದ ಗುಣಿಸಿದರೆ 7 ಎಂಎಂ ಜಲ್ಲಿ, ಡಾಂಬರಿಗೆ ಸರಿಯಾಗಿ ಹೊಂದುತ್ತದೆ. ಪಿ80 ಅಂದರೆ 11 ಎಂಎಂ ಜಲ್ಲಿ, ಒರಟಾದ ಹಳೇ ರಸ್ತೆಗೆ ಸರಿ. ಪಿ240ಕ್ಕೆ ಹೋದರೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಕೋಟ್) ಬಿದ್ದ ಮೇಲೆ ಮೇಲ್ಮೈ ಬಹುತೇಕ ನುಣ್ಣಗಾಗಿ ಕಾಣುತ್ತದೆ.

ಸಾದಾ ಕಾಗದದ ಬೆನ್ನಿರುವುದು ಬೇಡ, ನೀರುಜ್ಜಿಗೆ ಬಳಸುವ ವಾಟರ್‌ಪ್ರೂಫ್ ಬಗೆ ತನ್ನಿ. ಸಾದಾ ಕಾಗದ ಬಿಳಿ ಅಂಟಿನ ನೀರು ಹೀರಿ ಸುರುಳಿ ಸುತ್ತುತ್ತದೆ, ಒಣಗಿದ ಮೇಲೆ ಅಂಚು ಏಳುತ್ತದೆ. ಅಂಟಿಸಲು ಸೂಪರ್‌ಗ್ಲೂ ಜೆಲ್ ಅಥವಾ ಕಾಂಟ್ಯಾಕ್ಟ್ ಅಂಟು ಬಳಸಿ. ಕತ್ತರಿಸುವುದು ಬೆನ್ನಿನ ಕಡೆಯಿಂದ, ಹಳೇ ಬ್ಲೇಡಿನಲ್ಲಿ. ಕಾಳಿನ ಕಡೆಯಿಂದ ಕತ್ತರಿಸಿದರೆ ಬ್ಲೇಡು ಅಲ್ಲಿಗೇ ಮೊಂಡು. ಅಂಟಿಸುವ ಮುಂಚೆ ಎರಡು ತುಂಡುಗಳನ್ನು ಮುಖಕ್ಕೆ ಮುಖ ಹಚ್ಚಿ ಒಂದಿಷ್ಟು ಹೊತ್ತು ಉಜ್ಜಿ. ಚೂಪು ತುದಿಗಳು ಮುರಿದು, ಗಾಡಿ ಓಡಾಡಿ ಸವೆದ ರಸ್ತೆಯ ನೋಟ ಬರುತ್ತದೆ.

ಗಚ್ಚುಗಾರ:
ತಟ್ಟೆಯ ವಿಷಯ. ಎರಡು ದಾರಿ ಇವೆ. ಫುಟ್‌ಪಾತ್ ಮೇಲೆ ನಿಲ್ಲುವವರದು ಸುಲಭ: ಚಪ್ಪಡಿಯ ಪದರದಲ್ಲಿ ತಟ್ಟೆಯ ಆಕಾರಕ್ಕೆ ರಂಧ್ರ ಕೊರೆದು ಅದರೊಳಗೆ ಕೂರಿಸಿ. ಸುತ್ತ ಉಳಿದ ಸಂದಿಗೆ ಎರಡು ಭಾಗದ ಎಪಾಕ್ಸಿ ಪುಟ್ಟಿ ತುಂಬಿ. ಮಿಲ್ಲಿಪುಟ್ ಎಂಬ ಪುಟ್ಟಿ ಆದರೆ ಎರಡೂ ಭಾಗ ಸಮ ಹಾಕಿ, ಬಣ್ಣದ ಎಳೆಗಳು ಕಾಣದಷ್ಟು ನಾದಬೇಕು, 3ರಿಂದ 4 ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಅದು ಇನ್ನೂ ಮೆತ್ತಗಿರುವಾಗಲೇ ಒದ್ದೆ ಬೆರಳಲ್ಲಿ ಸವರಿ, ಚಪ್ಪಡಿಯ ಸಂದುಗೆರೆಯನ್ನು ತಟ್ಟೆಯ ಮೇಲೂ ಮುಂದುವರಿಸಿ. ಗೆರೆ ಪಾದದ ಹತ್ತಿರ ಬಂದು ನಿಂತುಹೋದರೆ ಒಳಗೆ ತಟ್ಟೆ ಇದೆ ಅಂತ ತಕ್ಷಣ ತಿಳಿಯುತ್ತದೆ.

ರಸ್ತೆ ಮೇಲೆ ನಿಲ್ಲುವವರದೇ ತೊಂದರೆ, ಉಪ್ಪುಕಾಗದ ಒಂದೂವರೆ ಎಂಎಂ ತಟ್ಟೆಯನ್ನು ಮುಚ್ಚುವುದಿಲ್ಲ. ನನ್ನ ಸಲಹೆ: ತಟ್ಟೆಯನ್ನು ಸೈಡ್ ಕಟರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸಿ ತೆಗೆದು, ಅಂಗಾಲನ್ನು ಅರದಿಂದ ಮಟ್ಟ ಮಾಡಿ, ಪಿನ್ ಹಾಕಿ. ಹಳೇ ಲೋಹದ ಫಿಗರ್‌ಗಳಲ್ಲಿ ಸೀಸ ಇರಬಹುದು, ಆದ್ದರಿಂದ ಅರ ಹಾಕುವಾಗ ಒದ್ದೆ ಮಾಡಿಕೊಳ್ಳಿ, ಮಾಸ್ಕ್ ಹಾಕಿ, ಆಮೇಲೆ ಕೈ ತೊಳೆಯಿರಿ. 0.8 ಎಂಎಂ ಬಿಟ್‌ನಿಂದ ಹಿಮ್ಮಡಿಯ ಮೂಲಕ ಮೇಲಕ್ಕೆ 4 ಎಂಎಂ ಕೊರೆಯಿರಿ, ಅದೇ ದಪ್ಪದ ಹಿತ್ತಾಳೆ ತಂತಿ ಸೇರಿಸಿ. ಹಿಮ್ಮಡಿಯ ಮಧ್ಯಕ್ಕೇ ಗುರಿ ಇರಲಿ, ಓರೆಯಾದರೆ ಕಣಕಾಲು ಒಡೆದು ಬಿಟ್ ಹೊರಬರುತ್ತದೆ. ಒಂದೇ ಕಾಲಿಗೆ ಪಿನ್ ಹಾಕಿದರೆ ಕೈಯಾಡಿದಾಗ ಫಿಗರ್ ತಿರುಗುತ್ತದೆ, ಎರಡಕ್ಕೂ ಹಾಕಿ.

ಫುಟ್‌ಪಾತ್‌ಗೆ 1 ಎಂಎಂ ಸ್ಟೈರೀನ್ (ಪ್ಲಾಸ್ಟಿಕ್) ಹಾಳೆ ಎರಡು, ಅರ್ಧ ಎಂಎಂದು ಒಂದು, ಪ್ಲಾಸ್ಟಿಕ್ ಸಿಮೆಂಟಿನಿಂದ ಒಂದರ ಮೇಲೊಂದು ಅಂಟಿಸಿ. ಒಟ್ಟು ಎರಡೂವರೆ ಎಂಎಂ, ಅಷ್ಟು ಸಾಕು. ಸಿಮೆಂಟ್ ತೆಳ್ಳಗೆ ಸವರಿ ಭಾರದ ಕೆಳಗೆ ಇಡೀ ರಾತ್ರಿ ಬಿಡಿ. ಧಾರಾಳವಾಗಿ ಸುರಿದರೆ ದ್ರಾವಕ ಒಳಗೆ ಸಿಕ್ಕಿಕೊಂಡು ದಿನಗಳಾದ ಮೇಲೆ ಹಾಳೆ ಬಾಗುತ್ತದೆ. ಸಂದುಗೆರೆ ಎಳೆಯಲು ಚಾಕುವಿನ ಬೆನ್ನು ಬಳಸಿ, ಅದು ಪ್ಲಾಸ್ಟಿಕ್ಕನ್ನು ಕೆರೆದು ತೆಗೆಯುತ್ತದೆ. ಚಾಕುವಿನ ಹರಿತ ಬದಿಯಿಂದ ಎಳೆದರೆ ಎರಡೂ ಬದಿಗೆ ದಿಣ್ಣೆ ಏಳುತ್ತದೆ.

ಅಂಚುಗಲ್ಲಿನ ಸಾಲು ಬೇಸ್‌ನ ನಟ್ಟನಡುವೆ ನೇರವಾಗಿ ಬರದಿರಲಿ. ಫಿಗರ್‌ನ ಮುಖಕ್ಕೆ ಓರೆಯಾಗಿ, ಮೂರರಲ್ಲಿ ಒಂದು ಪಾಲಿನಲ್ಲಿ ಹಾದುಹೋಗಲಿ. ಅರ್ಧಕ್ಕರ್ಧ ಆದರೆ ಎರಡು ಕಡೆಯೂ ಕಾಲೂರಲು ಜಾಗ ಸಾಲದು.

ಮುರಿದಕಲ್ಲು:
ಸ್ಟೈರೀನ್ ಹೊಸ ಫುಟ್‌ಪಾತ್‌ಗೆ ಚೆನ್ನ. ಒಡೆದು ಹಾಳಾದದ್ದು ಬೇಕಿದ್ದರೆ ಅದರಲ್ಲಿ ಬರುವುದಿಲ್ಲ, ಮುರಿದ ಅಂಚು ಪ್ಲಾಸ್ಟಿಕ್ ಅಂತಲೇ ಹೇಳುತ್ತದೆ. 2 ಎಂಎಂ ಕಾರ್ಕ್ ಹಾಳೆಯನ್ನು ಕೈಯಲ್ಲೇ ಹರಿದು ನೋಡಿ, ಅಂಚು ಒಡೆದ ಕಾಂಕ್ರೀಟಿನ ಹಾಗೇ ಬರುತ್ತದೆ. ಆಮೇಲೆ ತೆಳು ಸೂಪರ್‌ಗ್ಲೂ ಕುಡಿಸಿದರೆ ಉದುರುವುದಿಲ್ಲ. ಎಕ್ಸ್‌ಪಿಎಸ್ ಫೋಮ್ (ಗಟ್ಟಿ ಪಾಲಿಸ್ಟೈರೀನ್ ಫೋಮ್ ಹಾಳೆ) ಕೂಡ ಆಗುತ್ತದೆ, ಅಲ್ಯೂಮಿನಿಯಂ ಫಾಯಿಲ್ ಉಂಡೆ ಒತ್ತಿದರೆ ಸಾಕು. ಆದರೆ ಫೋಮಿಗೆ ಸೂಪರ್‌ಗ್ಲೂ ಹಾಗೂ ಸ್ಪ್ರೇ ಪ್ರೈಮರ್ ಎರಡೂ ಶತ್ರು, ಕರಗಿಸಿಬಿಡುತ್ತವೆ. ಬಿಳಿ ಅಂಟು, ಅಕ್ರಿಲಿಕ್ ಬಣ್ಣ ಸಮ ಬೆರೆಸಿ ಎರಡು ಕೋಟ್ ಹಚ್ಚಿದ ಮೇಲೆಯೇ ಸ್ಪ್ರೇ. ಆಟದ ಫಿಗರ್‌ಗೆ ನಾನಾದರೆ ಫೋಮ್ ಬಳಸುವುದಿಲ್ಲ, ಉಗುರು ತಾಗಿದರೂ ಅಂಚು ತಗ್ಗಾಗುತ್ತದೆ.

ಹೊಸಕುಂಚ:
ಬಹಳ ಉಪಯೋಗವಾಯಿತು. ನೀರಿನ ಗುಂಡಿಗೆ ಯುವಿ ರೆಸಿನ್ (ಯುವಿ ಬೆಳಕಿಗೆ ಗಟ್ಟಿಯಾಗುವ ಪಾರದರ್ಶಕ ದ್ರವ) ಇದೆ. ಬಣ್ಣ, ವಾರ್ನಿಶ್, ರೆಸಿನ್, ಇವುಗಳ ಕ್ರಮ ಹೇಗೆ?

ಅಳತೆಪಟ್ಟಿ:
ಅಂಟಿಸುವ ಮುಂಚೆಯೇ ಉಪ್ಪುಕಾಗದದಲ್ಲಿ ಅಂಕುಡೊಂಕಾದ ತೂತು ಮಾಡಿ, ಅಂಚಿಗೆ ಪುಟ್ಟಿ ಸವರಿ ಇಳಿಜಾರು ಕೊಡಿ, ತಳದಲ್ಲಿ ಸಣ್ಣ ಮರಳು ಹಾಕಿ. ಆಮೇಲೆ ಕ್ರಮ ಇದು: ಪೂರ್ತಿ ಬಣ್ಣ, ಮ್ಯಾಟ್ ವಾರ್ನಿಶ್, 24 ಗಂಟೆ ಒಣಗುವುದು, ಕಡೆಗೆ ರೆಸಿನ್. ರೆಸಿನ್ ಆದ ಮೇಲೆ ಮ್ಯಾಟ್ ಸ್ಪ್ರೇ ಹೊಡೆದರೆ ನೀರು ಗಾಜಿನ ಹೊಳಪು ಕಳೆದುಕೊಂಡು ಮಂಜು ಹಿಡಿದ ಹಾಗಾಗುತ್ತದೆ.

ಸುರಿಯಬೇಡಿ, ಕಡ್ಡಿಯ ತುದಿಯಲ್ಲಿ ಹನಿ ಹನಿಯಾಗಿ ಇಡಿ. ಒಂದು ಪದರ 1 ಎಂಎಂ ಮೀರದಿರಲಿ, ಪ್ರತಿ ಪದರಕ್ಕೂ ಬೆಳಕು ತೋರಿಸಿ. ದಪ್ಪಗೆ ಹಾಕಿದರೆ ಕೆಳಗೆ ಬೆಳಕು ತಲುಪದೆ ಮೆತ್ತಗೆ ಉಳಿಯುತ್ತದೆ. ಒರಟು ಅಂಚು ರೆಸಿನ್ನನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಶೂ ಹತ್ತಿರ ಬಂದರೆ ಅದನ್ನೂ ಏರುತ್ತದೆ. ಗುಂಡಿಯ ಬಾಯಿಗಿಂತ ಸ್ವಲ್ಪ ಕೆಳಗೇ ನಿಲ್ಲಿಸಿ. ನೀರಿನ ಸುತ್ತ ಒಂದೆರಡು ಎಂಎಂ ಡಾಂಬರನ್ನು ಮುಂಚೆಯೇ ಕಡುಬಣ್ಣ ಮಾಡಿ, ಕೊನೆಗೆ ಅಲ್ಲಿಗೆ ಸ್ಯಾಟಿನ್ ವಾರ್ನಿಶ್ ಕೊಡಿ. ನೆನೆದ ರಸ್ತೆ ಕಪ್ಪಾಗಿರುತ್ತದಲ್ಲ. ಈ ಅಂಚಿಲ್ಲದಿದ್ದರೆ ನೀರು ಒಣ ರಸ್ತೆ ಮೇಲಿಟ್ಟ ಗಾಜಿನ ಚೂರಾಗಿ ಕಾಣುತ್ತದೆ.

ಗಚ್ಚುಗಾರ:
ಬಣ್ಣದ ಬಗ್ಗೆ ಎರಡು ಮಾತು. ಡಾಂಬರಿಗೆ ಅಪ್ಪಟ ಕಪ್ಪು ಬೇಡವೇ ಬೇಡ. ಕಡುಬೂದು ಬಣ್ಣಕ್ಕೆ ಚೂರು ಕಂದು ಸೇರಿಸಿ ಬಳಿದು, ಎರಡು ಹಂತ ತಿಳಿಬೂದು ಡ್ರೈಬ್ರಶ್ ಮಾಡಿ, ಅಂದರೆ ಬಹುತೇಕ ಒಣಗಿದ ಕುಂಚದಲ್ಲಿ ಉಬ್ಬುಗಳ ಮೇಲಷ್ಟೇ ತೀಡಿ. ರಸ್ತೆ ಹಳೆಯದಾದಷ್ಟೂ ತಿಳಿಯಾಗುತ್ತದೆ. ಕಾಂಕ್ರೀಟಿಗೆ ಬೂದು ಬಣ್ಣದ ಜೊತೆ ಕೆನೆಬಣ್ಣ, ಪ್ರತಿ ಚಪ್ಪಡಿಗೂ ಒಂದು ಎಳೆ ವ್ಯತ್ಯಾಸ. ವಾಶ್ (ನೀರಾದ ಕಡುಬಣ್ಣ) ಸಂದಿಗಷ್ಟೇ, ಇಡೀ ಮೇಲ್ಮೈಗೆ ಬಳಿದರೆ ಒಣಗುವಾಗ ಕಲೆ ಕಟ್ಟುತ್ತದೆ. ಬಿಳಿ ಪಟ್ಟೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹೆಚ್ಚು ಬಣ್ಣವಿಲ್ಲದ ಸ್ಪಂಜಿನಲ್ಲಿ ಮಾಸಲು ಬಿಳಿ ಒತ್ತಿ. ಉಪ್ಪುಕಾಗದ ಒರಟಾದ್ದರಿಂದ ಟೇಪಿನ ಕೆಳಗೆ ತೆಳು ಬಣ್ಣ ಹರಿಯುತ್ತದೆ, ಹಾಗಾಗಿ ನೀರು ಬೆರೆಸಬೇಡಿ.

ಮುರಿದಕಲ್ಲು:
ಕಸ ಹಾಕುವಿರಾದರೆ: ತಂಪುಪಾನೀಯದ ಕ್ಯಾನ್ ಈ ಪ್ರಮಾಣದಲ್ಲಿ 2.2 ಎಂಎಂ ಉದ್ದ, 1.2 ಎಂಎಂ ದಪ್ಪ, ಸ್ಟೈರೀನ್ ಕಡ್ಡಿ ತುಂಡು ಮಾಡಿದರಾಯಿತು. ಎ4 ಹಾಳೆ 5.3ಕ್ಕೆ 3.75 ಎಂಎಂ. ಪ್ರಿಂಟರ್ ಕಾಗದ ಬಳಸಬೇಡಿ, ಅದರ 0.1 ಎಂಎಂ ದಪ್ಪ ಇಲ್ಲಿ ಐದೂವರೆ ಎಂಎಂ ಹಲಗೆಯಾಗುತ್ತದೆ. ಟಿಶ್ಯೂವಿನ ಒಂದು ಪದರ ಬಿಡಿಸಿ, ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ, ಅಂಚುಗಲ್ಲಿನ ಬುಡಕ್ಕೆ ಒತ್ತಿ. ಕಸ, ಒಣಎಲೆ ಗಾಳಿ ಮಳೆಗೆ ಅಲ್ಲೇ ಹೋಗಿ ಸೇರುವುದು, ಚಪ್ಪಡಿಯ ನಡುವೆ ಹರಡಬೇಡಿ. 30 ಎಂಎಂ ಬೇಸ್‌ಗೆ ಎರಡು ವಸ್ತು ಸಾಕು.